ಸದ್ದಿಗೆ ಬೆದರದ ಕೂಸು

ಕಾಂಚನ ಸದ್ದಿಗೆ ಬೆದರುವ ಕೂಸಲ್ಲ ಎಂಬುದು ಇಚಲಕರಂಜಿಯ ಆ ಓಣಿಗೆಲ್ಲ ಹೆಮ್ಮೆಯ ಮಾತಾಗಿತ್ತು. ಅಪ್ಪ ಯಮನಪ್ಪ ಪವರ್‌ಲೂಮ್ ನಡೆಸುವಾತ. ಅವ್ವ ರಾಯವ್ವ ಅದೇ ಶೆಡ್ಡಿನ ಮೂಲೆಯಲ್ಲಿ ಕುಳಿತು ಕಾಂಡಿ ಎಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತುವಾಕೆ. ಪಕ್ಕದಲ್ಲೇ ಹಳೆಯ ಸೀರೆಯ ಜೋಲಿ ತೂಗುತ್ತಿತ್ತು. ಮಗ್ಗಗಳು ನೆಲ ನಡುಗುವಂತೆ ಬಡಿದುಕೊಂಡರೂ ಹೊಟ್ಟೆ ತುಂಬಿದ ಕೂಸು ಹಾಯಾಗಿ ಮಲಗಿಬಿಡುತ್ತಿತ್ತು.

"ನಿನ್ನ ಮಗಳು ಮಗ್ಗದಾಗ ಹುಟ್ಯಾಳ ನೋಡವಾ! ನನ್ನ ಮೊಮ್ಮಗ ಹಲ್ಲಿ ಲೊಚಗುಟ್ಟಿದ್ರ ಎದ್ದ ಕುಂದರತಾನ," ಎಂದು ನೆರೆಯ ದುಂಡವ್ವ ನಗುತ್ತಿದ್ದಳು.

ಶೆಡ್ಡಿನೊಳಗೆ ಯಾರೂ ಬಾಯಿಂದ ಮಾತಾಡುತ್ತಿರಲಿಲ್ಲ, ಆಡಿದರೂ ಕೇಳಿಸುತ್ತಿರಲಿಲ್ಲ. ಹೆಬ್ಬೆರಳು ತುಟಿಗೆ ತಂದರೆ ಚಹಾ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ನೂಲು ಹರಿದಿದೆ. ಮೀಸೆ ತಿರುವಿದರೆ ಮಾಲಕ ಬರುತ್ತಿದ್ದಾನೆ. ಕಾಂಚನ ನಡೆಯಲು ಕಲಿತದ್ದೇ ತಡ, ಇವನ್ನೆಲ್ಲ ಕಲಿತಳು. ಇಲ್ಲದ ಮೀಸೆಯನ್ನು ಅವಳು ತಿರುವಿದಾಗ ಮಗ್ಗದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂರು ವರ್ಷವಾದರೂ ಮಾತು ಮಾತ್ರ ಬರಲಿಲ್ಲ.

"ನಾನೂ ತಡಾನ ಮಾತಾಡಿದಾವ," ಎನ್ನುತ್ತಿದ್ದ ಯಮನಪ್ಪ. ರಾಯವ್ವ ಅದನ್ನೇ ನಂಬಿಕೊಂಡಳು. ಬೇರೆ ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಅಂಜಿಕೆ.

ಎಂಬತ್ತೊಂದರ ಬೇಸಿಗೆಯಲ್ಲಿ ಅವಳು ಮಗಳನ್ನು ಕರೆದುಕೊಂಡು ಗಡಹಿಂಗ್ಲಜದ ತವರಿಗೆ ಹೋದಳು. ಮಧ್ಯಾಹ್ನ ಕಾಂಚನ ಅಂಗಳದ ಮಣ್ಣಿನಲ್ಲಿ ಹರಳು ಆಡುತ್ತಿದ್ದಳು. ಅವಳ ಬೆನ್ನ ಹಿಂದೆ, ಹೊಸ್ತಿಲ ಬಳಿ, ಅಜ್ಜಿ ಮುದಕವ್ವನ ಕೈಯಿಂದ ಹಿತ್ತಾಳೆಯ ಕೊಡ ಜಾರಿ ಕಲ್ಲಿನ ಮೇಲೆ ಬಿತ್ತು. ಕೋಳಿಗಳು ಚೆದುರಿ ಓಡಿದವು. ಎಮ್ಮೆ ಹಗ್ಗ ಜಗ್ಗಿತು. ಕಾಂಚನ ತಲೆ ಎತ್ತಲಿಲ್ಲ.

ಮುದಕವ್ವ ಮೊಮ್ಮಗಳನ್ನೇ ನೋಡುತ್ತ ನಿಂತಳು. ಆಮೇಲೆ ಕೊಡ ಎತ್ತಿ, ಬೇಕೆಂದೇ ಮತ್ತೆ ಕೆಡವಿದಳು.

"ಯವ್ವಾ, ಏನ್ ಮಾಡಾಕತ್ತಿ? ಕೊಡ ನೆಗ್ಗತೈತಿ!"

"ನೆಗ್ಗಲಿ. ನೀ ಆಕಿನ್ನ ಹಿಂದಿಂದ ಕರಿ."

ರಾಯವ್ವ ಕರೆದಳು. ಮತ್ತೆ ಕರೆದಳು. ಮೂರನೆಯ ಸಲ ಅದು ಕೂಗಾಗಿತ್ತು. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಕೊನೆಗೆ ಅವಳೇ ಹತ್ತಿರ ಹೋದಾಗ ಅವಳ ನೆರಳು ಹರಳುಗಳ ಮೇಲೆ ಬಿತ್ತು. ಕಾಂಚನ ತಿರುಗಿ ನಕ್ಕು, ಎತ್ತಿಕೋ ಎಂದು ಕೈ ಚಾಚಿದಳು.

ಮರುದಿನವೇ ರಾಯವ್ವ ಅವಳನ್ನು ಕೊಲ್ಹಾಪುರಕ್ಕೆ ಒಯ್ದಳು. ಮಕ್ಕಳ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು. ಕಾಂಚನ ಮೇಜಿನ ಮೇಲಿದ್ದ ಬಣ್ಣದ ಶೀಷೆಯನ್ನೇ ನೋಡುತ್ತಿದ್ದಳು.

"ಸಣ್ಣಕಿದ್ದಾಗ ದೊಡ್ಡ ಜ್ವರ ಬಂದಿತ್ತೇನ್ರಿ?"

"ಹೌದ್ರಿ. ಜ್ವರಾ ಏರಿ ಕೈಕಾಲ ಸೆಟದು ಝಟಕಾ ಬಂದಿದ್ವುರಿ. ದವಾಖಾನ್ಯಾಗ ಇಟ್ಟಿದ್ವಿ. ಮನಿಗೆ ಬಂದ ಮ್ಯಾಲ ಭಾಳ ಆರಾಮಾದ್ಲ್ರಿ. ಎಷ್ಟ ಗದ್ಲಿದ್ರೂ ಮಲಗತಿದ್ಲು..."

ಜ್ವರಕ್ಕೆ ಮೊದಲು ಮಗ್ಗ ಶುರುವಾದಾಗಲೆಲ್ಲ ಕೂಸು ಬೆಚ್ಚಿ ಅಳುತ್ತಿದ್ದದ್ದು ರಾಯವ್ವನಿಗೆ ಈಗ ನೆನಪಾಯಿತು.

"ಅಂಥಾ ಜ್ವರ ಬಂದ ಕೂಸಿನ ಕಿವಿ ಆವಾಗ್ಲೇ ತಪಾಸ ಮಾಡಿಸಬೇಕಾಗಿತ್ತು," ಎಂದರು ಡಾಕ್ಟರು. ಬೈಯುವ ದನಿಯಲ್ಲ.

"ಎಣ್ಣಿ ಕಾಸಿ ಬಿಟ್ರ..."

"ಏನೂ ಬಿಡಬ್ಯಾಡ್ರಿ. ಒಳಗಿನ ನರಕ್ಕ ಪೆಟ್ಟ ಬಿದ್ದೈತಿ. ಮಿರಜದ ದೊಡ್ಡ ದವಾಖಾನಿಗೆ ಚೀಟಿ ಕೊಡತೇನಿ. ಕಿವಿಗೆ ಮಶೀನ್ ಹಾಕಿದ್ರ ಸ್ವಲ್ಪ ಕೇಳಿಸಬಹುದು, ಕೇಳಿಸದನೂ ಇರಬಹುದು. ಇಂಥಾ ಮಕ್ಕಳ ಸಾಲಿ ಐತಿ, ಅಲ್ಲೆ ಕಲಸ್ತಾರ."

"ಅವ್ವಾ ಅಂತಾಳೇನ್ರಿ?"

"ಕಲಿಸಿದ್ರ ಅಂದಾಳು," ಎಂದರು ಡಾಕ್ಟರು ಚೀಟಿ ಬರೆಯುತ್ತ. "ನೀವು ಓ ಅಂದದ್ದು ಆಕಿಗೆ ಕೇಳಿಸತೈತೋ ಇಲ್ಲೋ, ಹೇಳಾಕಾಗೂದಿಲ್ಲ."

ಎಸ್‌ಟಿ ಬಸ್ಸಿನಲ್ಲಿ ರಾಯವ್ವ ಮಗಳ ಕಿವಿಗೆ ಬಾಯಿ ಹಚ್ಚಿ ದಾರಿಯುದ್ದಕ್ಕೂ ಹೆಸರು ಹಿಡಿದು ಕರೆದಳು. ಉಸಿರು ತಾಗಿ ಕಚಗುಳಿಯಾಗಿ ಕಾಂಚನ ಕಿಲಕಿಲ ನಕ್ಕಳು.

ಶೆಡ್ಡಿಗೆ ಬಂದಾಗ ಮಗ್ಗಗಳೆಲ್ಲ ನಡೆದಿದ್ದವು. ಯಮನಪ್ಪ ಅಲ್ಲಿಂದಲೇ ಅಂಗೈ ತಿರುವಿ ಕೇಳಿದ: ಏನಂದ್ರು? ರಾಯವ್ವನ ಕೈ ಮೇಲೆದ್ದು ಹಾಗೇ ನಿಂತಿತು. ಚಹಾಕ್ಕೆ, ಹರಿದ ನೂಲಿಗೆ, ಮಾಲಕನಿಗೆ ಸನ್ನೆ ಇತ್ತು, ಇದಕ್ಕಿರಲಿಲ್ಲ. ಕೊನೆಗೆ ಅವಳು ಬೆರಳಿನಿಂದ ತನ್ನ ಕಿವಿ ಮುಟ್ಟಿ, ಇಲ್ಲವೆಂದು ಅಂಗೈ ಆಡಿಸಿದಳು.

ಯಮನಪ್ಪ ಮಗ್ಗ ನಿಲ್ಲಿಸಿದ.

ಇಬ್ಬರ ನಡುವೆ ನಿಂತಿದ್ದ ಕಾಂಚನ ಅವ್ವನ ಕೈಯನ್ನೇ ನೋಡುತ್ತಿದ್ದಳು. ಇದು ಹೊಸ ಸನ್ನೆ. ತನ್ನ ಪುಟ್ಟ ಬೆರಳಿನಿಂದ ಕಿವಿ ಮುಟ್ಟಿಕೊಂಡಳು, ಅಂಗೈ ಆಡಿಸಿದಳು, ಸರಿಯಾಯಿತೇ ಎಂಬಂತೆ ಅಪ್ಪನ ಮುಖ ನೋಡಿ ನಕ್ಕಳು.