ಕಾರಿಗೆ ಅಡವಿಟ್ಟ ಅಪ್ಪ

ಏಣಿ, ಡ್ರಿಲ್ಲು, ನೀರಿನ ಪಂಪು ಬಾಡಿಗೆಗೆ ಕೊಡುವ ಅಂಗಡಿಯವನಿಗೆ ಒಂದು ಜಂಬ ಇತ್ತು, ತನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಅಂತ. ಅಡ ಇಟ್ಟುಕೊಳ್ಳುವುದರಲ್ಲಿ ಆಸಾಮಿದು ಪಳಗಿದ ಕೈ. ವಾಚು, ಉಂಗುರ ಕೊಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ, ಕನ್ನಡಕ ಬಿಚ್ಚಿಸಿಕೊಳ್ಳುತ್ತಿದ್ದ. ಒಮ್ಮೆ ಒಬ್ಬರ ಹಲ್ಲಿನ ಸೆಟ್ಟನ್ನೇ ಡಬ್ಬಿಗೆ ಹಾಕಿಟ್ಟುಕೊಂಡಿದ್ದ, ಪುಣ್ಯಾತ್ಮ. ಯಾವುದನ್ನು ಬಿಟ್ಟು ಬದುಕೋಕಾಗಲ್ಲವೋ ಅದನ್ನು ಇಟ್ಟುಕೊಂಡರೆ ಎಂಥ ಕಳ್ಳನೂ ವಾಪಸ್ ಬರ್ತಾನೆ ಅನ್ನೋದು ಅವನ ಲೆಕ್ಕ.

ಇಂಥ ಬುದ್ಧಿವಂತ ಕಾರು ಮಾರಲು ಹೊರಟ. ಹೆಂಡತಿ ಮದುವೆಗೆ ಮುಂಚಿನಿಂದಲೂ ಯಾರದೋ ಬೇಕರಿಯಲ್ಲಿ ಬೇಯುತ್ತಿದ್ದಳು. ಕಾರು ಹೋಗಲಿ, ಅವಳಿಗೊಂದು ಸ್ವಂತ ಓವನ್ ಬರಲಿ ಅಂತ ಇಬ್ಬರೂ ಒಪ್ಪಿದ್ದರು. ಓವನ್ ನೋಡಲು ಹೊರಟವಳು ಬಾಗಿಲಲ್ಲೇ ನಿಂತು ಹೇಳಿದಳು: "ಗಿರಾಕಿ ಓಡಿಸಿ ನೋಡ್ತೀನಿ ಅಂದ್ರೆ ನೀನೂ ಪಕ್ಕದಲ್ಲಿ ಕೂತ್ಕೋ. ಲೈಸೆನ್ಸ್ ಫೋಟೋ ತಗೋ. ಒಬ್ಬನ ಕೈಗೇ ಕೀಲಿ ಕೊಟ್ಟು ಕಳಿಸಬೇಡ."

"ನನಗೇ ಪಾಠ ಹೇಳ್ತೀಯಾ" ಅಂದ ಮಹಾನುಭಾವ.

ಬೆಳಿಗ್ಗೆ ಫೋನ್ ಮಾಡಿದ್ದ ಗಿರಾಕಿ ಬಂದ, ಜೊತೆಗೆ ವಯಸ್ಸಾದ ಅಪ್ಪ. ಎಂಥ ಮಗ ಅಂತೀರಿ! ಅಪ್ಪನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ, ನೀರು ಕೇಳಿ ಕುಡಿಸಿದ. ಬಾನೆಟ್ ಎತ್ತಿ ನೋಡಿದ, ಒಂದಿಷ್ಟು ಚೌಕಾಸಿ ಮಾಡಿದ. ಆಮೇಲೆ ಕೇಳಿದ: "ಒಂದು ರೌಂಡ್ ಹೋಗಿ ಬರಲಾ? ನೀವು ಅಪ್ಪನ ಹತ್ರ ಇರಿ. ಶುಗರ್ ಇದೆ, ಒಬ್ಬರನ್ನೇ ಬಿಡೋ ಹಾಗಿಲ್ಲ." ಕೇಳದಿದ್ದರೂ ತಾನೇ ಜೇಬಿನಿಂದ ಲೈಸೆನ್ಸ್ ತೆಗೆದ.

ನಮ್ಮವನು ಅದನ್ನು ಕೈಯಿಂದ ತಳ್ಳಿದ. "ಅಪ್ಪನೇ ಇಲ್ಲಿದ್ದಾರಲ್ಲ, ಅದ್ಯಾಕೆ" ಅಂದು ಕೀಲಿ ಕೊಟ್ಟ. ಒಳಗೊಳಗೇ ಹಿಗ್ಗು ಬೇರೆ, ಇಷ್ಟು ದಿನದ ವ್ಯಾಪಾರದಲ್ಲಿ ಇಂಥ ಗಟ್ಟಿ ಮಾಲು ಅಡಕ್ಕೆ ಸಿಕ್ಕಿರಲಿಲ್ಲ.

ಕಾರು ಮೂಲೆ ತಿರುಗಿತು. ಅಷ್ಟೇ, ಮಂಗಮಾಯ. ಮುದುಕರು ಚಹಾ ಕುಡಿದರು, ಬಿಸ್ಕತ್ತು ತಿಂದರು, ಒಂದು ನಿದ್ದೆಯನ್ನೂ ತೆಗೆದರು. ಗಿರಾಕಿಯ ಫೋನ್ ಸ್ವಿಚ್ ಆಫ್. ಅಂಗಡಿಯವನು ಮೂಲೆ ತನಕ ನಾಲ್ಕು ಸಲ ಹೋಗಿ ನೋಡಿ ಬಂದ. ಅಷ್ಟರಲ್ಲಿ ಹೆಂಡತಿ ಬಂದಳು, ಓವನ್ ಗೊತ್ತುಮಾಡಿಕೊಂಡು, ಮುಖ ಊರಗಲ ಮಾಡಿಕೊಂಡು. ಕಾರಿನ ಜಾಗ ನೋಡಿದಳು, ಕುರ್ಚಿಯಲ್ಲಿದ್ದ ಮುದುಕರನ್ನು ನೋಡಿದಳು, ಗಂಡನನ್ನು ನೋಡಿದಳು. ನಡೆದದ್ದನ್ನೆಲ್ಲ ಅವನ ಬಾಯಿಂದ ಹೊರಡಿಸಿದಳು. ಪೊಲೀಸರಿಗೆ ಫೋನ್ ಮಾಡಿ ದೂರು ಹೇಳಿದಳು, ಆಮೇಲೆ ಕುರ್ಚಿಯ ಎದುರು ಕೂತಳು.

"ಅಜ್ಜ, ಅವನು ನಿಮ್ಮನ್ನ ಎಲ್ಲಿಂದ ಎತ್ತಾಕಿಕೊಂಡು ಬಂದ?"

"ಮನೆಯಿಂದ. ನನ್ನ ಮಗನೇ ತಾಯಿ, ಅನುಮಾನ ಬೇಡ. ಹೋದ ಸಲ ಸ್ಕೂಟರಿಗೆ ಬಿಟ್ಟುಹೋಗಿದ್ದ. ಈ ಸಲ ಕಾರು. ನನ್ನ ರೇಟು ಏರಿದೆ."

ಅಂಗಡಿಯವನು ತಲೆ ಮೇಲೆ ಕೈ ಹೊತ್ತು ಏಣಿಗಳ ನಡುವೆ ಕುಸಿದ. ಹೆತ್ತ ಅಪ್ಪನನ್ನೇ ಬಿಟ್ಟು ಬದುಕೋರು ಇರ್ತಾರೆ ಅಂತ ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಅವನಿಗೆ ಅಳುವೇ ಬಂತು, ಕಾರಿಗೋ, ಓವನ್ನಿಗೋ, ಮುದುಕರಿಗೋ ಗೊತ್ತಾಗಲಿಲ್ಲ.

"ಆಗ ವಾಪಸ್ ಬಂದಿದ್ನಾ?" ಹೆಂಡತಿ ಬಿಡಲಿಲ್ಲ.

"ಬಂದ. ಒಂದನೇ ತಾರೀಖು ಬರಲೇಬೇಕಲ್ಲ. ಬ್ಯಾಂಕಲ್ಲಿ ನಾನು ಹೆಬ್ಬೆಟ್ಟು ಒತ್ತಿದ್ರೇನೇ ಪೆನ್ಷನ್ ಈಚೆ ಬರೋದು. ಅವನು ಬರೋದು ನನಗಲ್ಲ ತಾಯಿ, ಈ ಬೆರಳಿಗೆ."

ಹೆಂಡತಿ ಎದ್ದು ಒಳಗೆ ಹೋಗಿ ಮಂಚದ ಮೇಲಿನ ಸಾಮಾನು ಕೆಳಗಿಳಿಸಿದಳು, ಹೊದಿಕೆ ಕೊಡವಿ ಹಾಸಿದಳು. "ಒಂದನೇ ತಾರೀಖಿನ ತನಕ ಇಲ್ಲೇ ಇರಿ, ಅಜ್ಜ" ಅಂದಳು.

ಮುದುಕರು ತಮ್ಮ ಹೆಬ್ಬೆರಳನ್ನು ಒಂದು ಸಲ ತಿರುಗಿಸಿ ನೋಡಿಕೊಂಡರು, ಆಮೇಲೆ ಅದನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡರು.

"ಇರ್ತೀನಿ. ಕಾರು ತಂದು ಬಾಗಿಲಿಗೆ ನಿಲ್ಲಿಸೋ ತನಕ ಇದನ್ನ ಒತ್ತಲ್ಲ."