ಡೆಕ್ಕಿನ ಕೆಳಗಿನ ಬಿಸಿಗಾಳಿ

"ಅತ್ತೇ, ಕಾಫಿ ತಂದಿದೀನಿ." ತ್ರಿವಿಕ್ರಮ ಮತ್ತೊಮ್ಮೆ ಬಾಗಿಲು ತಟ್ಟಿದ. ಒಳಗಿನಿಂದ ಸದ್ದಿಲ್ಲ.

ಮೈಸೂರಿನಿಂದ ಈ ಪರದೇಶಕ್ಕೆ ಬಂದ ಮೇಲೆ ವಸಂತಲಕ್ಷ್ಮಿ ಒಂದು ದಿನವೂ ಅಳಿಯನಿಗಿಂತ ತಡವಾಗಿ ಎದ್ದವರಲ್ಲ. ಪಾಪ, ಇವತ್ತಾದರೂ ಬೆಚ್ಚಗೆ ಮಲಗಿರಲಿ ಅಂದುಕೊಂಡ. ಒಳಗೊಳಗೇ ಹೆಮ್ಮೆಯೂ ಆಯಿತು. ಕೆಳಗಿನ ಈ ಕೋಣೆಯ ಕಿಟಕಿ ಮನೆಗೆ ಅಂಟಿದ ಮರದ ಅಟ್ಟಣಿಗೆಯ, ಅಂದರೆ ಡೆಕ್ಕಿನ, ಅಡಿಗೇ ತೆರೆಯುತ್ತದೆ. ಮುಕಿಲ್ಟಿಯೊ ಎಂಬ ಈ ಊರಿನ ಸಮುದ್ರದ ಗಾಳಿ ಅಲ್ಲಿ ನುಗ್ಗಿ ಕೋಣೆಯನ್ನು ಮಂಜುಗಡ್ಡೆ ಮಾಡುತ್ತಿತ್ತು. ಚಳಿ ಅಂತ ಅಳಿಯನ ಮುಂದೆ ಬಾಯಿ ಬಿಡುವ ಹೆಂಗಸೇ ಅಲ್ಲ ಆಕೆ. ಕಾಲಿಗೆ ಎರಡೆರಡು ಜೊತೆ ಕಾಲುಚೀಲ ಏರಿಸಿದ್ದು ನೋಡಿ ಇವನೇ ತಿಳಿದುಕೊಂಡ.

ಶನಿವಾರ, ಭಾನುವಾರ ಒದ್ದಾಡಿ ಡೆಕ್ಕಿನ ಕೆಳಗೆ ಸುತ್ತಲೂ ಪ್ಲೈವುಡ್ ಹೊಡೆದು, ಸಂದುಗೊಂದುಗಳಿಗೆಲ್ಲ ಉಬ್ಬಿ ಗಟ್ಟಿಯಾಗುವ ಅಂಟು ಫೋಮ್ ತುಂಬಿದ್ದ. ವಿಮಾನದ ಬಾಗಿಲು ಕೂರಿಸುವ ಇಂಜಿನಿಯರ್. ಸಂದು ಬಿಡುವ ಜಾಯಮಾನವೇ ಅಲ್ಲ. ಗೋಡೆಯಿಂದ ಹೊರಬಂದ ಬಿಳಿ ಪೈಪೊಂದರಿಂದ ಬಿಸಿ ಹಬೆ ಬರುತ್ತಿತ್ತು. ಬಟ್ಟೆ ಒಣಗಿಸುವ ಡ್ರೈಯರಿನದಿರಬೇಕು, ಒಳ್ಳೇದೇ ಆಯಿತು, ಬೆಚ್ಚಗಿರಲಿ ಎಂದು ಅದನ್ನೂ ಒಳಗೆ ಸೇರಿಸಿ ಮುಚ್ಚಿದ್ದ.

ಈಗ ಬಾಗಿಲು ತಳ್ಳಿದ. ವಸಂತಲಕ್ಷ್ಮಿ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು.

"ಯಾಮಿನೀ!" ಕೂಗಿದ ದನಿ ತನ್ನದೇ ಎಂದು ಅವನಿಗೆ ಗೊತ್ತಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಅವರನ್ನು ಹೊರಗಿನ ಹುಲ್ಲಿಗೆ ಎಳೆದು ತಂದರು.

ಫೈರ್ ಎಂಜಿನ್ನಿನವರು ಬಂದು ಆಮ್ಲಜನಕ ಕೊಟ್ಟರು. ಒಬ್ಬ ಮೀಟರ್ ಹಿಡಿದು ಮನೆ ಸುತ್ತಿ ಬಂದ. ಆ ಬಿಳಿ ಪೈಪು ಡ್ರೈಯರಿನದಲ್ಲ, ಮನೆ ಕಾಯಿಸುವ ಗ್ಯಾಸ್ ಫರ್ನೇಸಿನದು, ಅದರ ವಿಷದ ಗಾಳಿಯೆಲ್ಲ ಕಿಟಕಿಯ ಸಂದಿನಿಂದ ಕೋಣೆಗೇ ತುಂಬಿದೆ ಎಂದ. ಆಮೇಲೆ ಕೇಳಿದ, ಹೊಗೆ, ವಿಷಗಾಳಿ ಬಂದರೆ ಕೂಗುವ ಕೆಳಗಿನ ಅಲಾರಂ ಎಲ್ಲಿ?

ತ್ರಿವಿಕ್ರಮನಿಗೆ ಈಗ ಹೊಳೆಯಿತು. ಅತ್ತೆ ಬಂದ ವಾರ ಗಣಹೋಮ ಮಾಡಿಸಿದ್ದರು. ಹೊಗೆಗೆ ಅದು ಕಿರುಚಿಕೊಂಡಾಗ ಇವನೇ ಕುರ್ಚಿ ಹತ್ತಿ ಕಿತ್ತು, ಕರ್ಪೂರದ ಡಬ್ಬಿಯ ಪಕ್ಕ ದೇವರ ಡ್ರಾಯರಿಗೆ ಹಾಕಿದ್ದ. ಮತ್ತೆ ಹಾಕಲು ನೆನಪೇ ಆಗಲಿಲ್ಲ.

ವಸಂತಲಕ್ಷ್ಮಿ ಕಣ್ಣು ಬಿಟ್ಟರು. ಯಾಮಿನಿ ಅಳುತ್ತಲೇ ಗದರಿದಳು, "ಹುಷಾರಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ ಅಮ್ಮ?"

ಆಕೆ ಮುಖದ ಮೇಲಿನ ಮಾಸ್ಕನ್ನು ತುಸು ಸರಿಸಿದರು. "ಎರಡು ದಿನದಿಂದ ತಲೆ ಸಿಡೀತಿತ್ತು ಕಣೆ. ಅಳಿಯಂದ್ರು ಅಷ್ಟು ಕಷ್ಟಪಟ್ಟು ಹಲಗೆ ಹೊಡೆದಿದಾರೆ. ರೂಮು ಒಗ್ಗ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?" ಅವನ ಕಡೆ ತಿರುಗಿದರು. "ಚೆನ್ನಾಗಿ ಬೆಚ್ಚಗಿತ್ತು. ನೀವು ಬೇಜಾರು ಮಾಡ್ಕೋಬೇಡಿ."

ಸ್ಟ್ರೆಚರ್ ಎತ್ತಿದಾಗ ಹೊದಿಕೆ ಜಾರಿ ಆಕೆಯ ಪಾದ ಕಂಡಿತು. ಬರಿಗಾಲು. ಬೆಚ್ಚಗಿದೆಯೆಂದು ಕಾಲುಚೀಲ ತೆಗೆದಿಟ್ಟು ಮಲಗಿದ್ದರು. ತ್ರಿವಿಕ್ರಮ ಬಗ್ಗಿ ಹೊದಿಕೆಯನ್ನು ಪಾದದವರೆಗೆ ಎಳೆದ. ಅವನ ಬೆರಳುಗಳಿಗೆ ಅಂಟಿದ್ದ ಫೋಮ್ ಇನ್ನೂ ಬಿಟ್ಟಿರಲಿಲ್ಲ.