ಅಮಾವಾಸ್ಯೆಗೊಮ್ಮೆ ತೊಂಬತ್ತೈದು

ನನ್ನ ಮೂರನೆಯ ಪಿಸ್ಟನ್ ಒಡೆಯಿತು. ಅದಕ್ಕಾಗಿ ಚಾಲಕ ಯಮನಪ್ಪನನ್ನು ಕೆಲಸದಿಂದ ತೆಗೆದರು.

ನಾನು ಟರ್ಬೊ ಇರುವ ಒಂದು ಪೆಟ್ರೋಲ್ ಕಾರಿನ ಇಂಜಿನ್. ಕಾರ್ಖಾನೆಯಲ್ಲಿ ಹತ್ತಾರು ಕೈಗಳು ನನ್ನನ್ನು ಜೋಡಿಸಿದವು. ಅವರ ಹೆಸರು ನನ್ನ ಮೈಮೇಲೆ ಎಲ್ಲೂ ಇಲ್ಲ. ನಾನು ಬಿಟ್ಟ ಹೊಗೆಯಿಂದಲೇ ತಿರುಗುತ್ತ, ಹೊರಗಿನ ಗಾಳಿಯನ್ನು ನನ್ನ ಹೊಟ್ಟೆಗೆ ತುರುಕುವುದು ಟರ್ಬೊದ ಕೆಲಸ. ಆ ಒತ್ತಡದಲ್ಲಿ ಪೆಟ್ರೋಲಿಗೆ ತಾಳ್ಮೆ ಬೇಕು. ಆಕ್ಟೇನ್ ಅಂದರೆ ಆ ತಾಳ್ಮೆಯ ಅಳತೆ. ಅದು ಸಾಲದಿದ್ದರೆ ಪೆಟ್ರೋಲು ಸರದಿಗೆ ಕಾಯದೆ ಅಲ್ಲಲ್ಲಿ ತಾನಾಗಿ ಸಿಡಿಯುತ್ತದೆ. ಒಳಗೆ ಸುತ್ತಿಗೆ ಬಡಿದ ಹಾಗಾಗುತ್ತದೆ.

ಗದಗಿನ ಕಬ್ಬಿಣದ ವ್ಯಾಪಾರಿ ಮಹಾರುದ್ರಪ್ಪ ನನ್ನನ್ನು ಕೊಂಡರು. ಪ್ರತಿ ಅಮಾವಾಸ್ಯೆ ಕಾರಿಗೆ ಪೂಜೆ ಮಾಡಿ, ಕಾಯಿ ಒಡೆದು, ಅವತ್ತು ಮಾತ್ರ ತೊಂಬತ್ತೈದು ಆಕ್ಟೇನಿನ ಪೆಟ್ರೋಲು ಹಾಕಿಸುತ್ತಿದ್ದರು. ಉಳಿದ ದಿನ ತೊಂಬತ್ತೊಂದರದು. ಅಮಾವಾಸ್ಯೆಗೆ ಮಾತ್ರ ಮೈ ಯಾಕೆ ಹಗುರಾಗುತ್ತದೆಂದು ನನಗೆ ಬೆರಗು. ಮಂತ್ರದ ಶಕ್ತಿಯೋ ಏನೋ ಅಂದುಕೊಂಡಿದ್ದೆ.

ಯಮನಪ್ಪ ಹಾಗೆ ಅಂದುಕೊಳ್ಳಲಿಲ್ಲ. ಟ್ಯಾಂಕಿನ ಮುಚ್ಚಳದ ಒಳಮೈ ಓದಿದ.

"ಸಾವ್ಕಾರ್ರ, ಇದಕ್ಕ ತೊಂಬತ್ತೈದಕ್ಕ ಕಡಿಮಿ ಹಾಕಬ್ಯಾಡ್ರಿ ಅಂತ ಬರದಾರ."

"ಅಮಾಸಿಗೆ ಹಾಕಸ್ತೀವಲ್ಲೋ. ದಿನಾ ಹೋಳಿಗಿ ಉಣಿಸಿದ್ರ ಹೊಟ್ಟಿ ಕೆಡತೈತಿ."

"ಅದು ಹೋಳಿಗಿ ಅಲ್ರೀ, ಅದರ ರೊಟ್ಟಿ."

"ಕಾರು ಯಾರದು? ನಂದೋ, ನಿಂದೋ?"

ನನ್ನ ಮೈಗೆ ಅಂಟಿಸಿದ ಪುಟ್ಟ ಯಂತ್ರದ ಕಿವಿಯೊಂದು ಬಡಿತ ಕೇಳಿದಾಗಲೆಲ್ಲ ಪೆಟ್ರೋಲು ಹೊತ್ತಿಸುವ ಕಿಡಿಯನ್ನು ತುಸು ತಡಮಾಡುತ್ತಿತ್ತು. ಕಸುವು ಇಳಿಯುತ್ತಿತ್ತು, ಜೀವ ಉಳಿಯುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು.

ಗೋಕರ್ಣದಿಂದ ಮರಳುವಾಗ ಅರಬೈಲು ಘಟ್ಟ. ಉರಿಬಿಸಿಲು, ಕಾರಿನ ತುಂಬ ಜನ, ಏಸಿ ಜೋರು. ಆ ಕಿವಿ ಕಿಡಿಯನ್ನು ಎಷ್ಟು ತಡಮಾಡಿದರೂ ಸಾಲದೆ ನಾನು ಕಟಕಟ ಅನ್ನತೊಡಗಿದೆ.

"ಲಾರಿ ಹಿಂದ ಹಾಕು, ಒತ್ತು!" ಮಹಾರುದ್ರಪ್ಪ ಕೂಗಿದರು.

"ಒತ್ತಬಾರದ್ರೀ. ಸಪ್ಪಳ ಕೇಳ್ರಿ."

"ಹಾಡು ಜೋರ್ ಮಾಡು, ಕೇಳಸಂಗಿಲ್ಲ."

ಯಮನಪ್ಪ ಒತ್ತಿದ. ನಾನು ಒಡೆದೆ.

ಈಗ ನಾರಾಯಣಸಾ ಅವರ ಗ್ಯಾರೇಜಿನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದೇನೆ. ಪಿಸ್ಟನ್ ತಲೆಯ ಮೇಲೆ ಗೆದ್ದಲು ತಿಂದಂಥ ಕುಳಿಗಳು. ಮುಚ್ಚಳದ ಅಕ್ಷರ ಓದಲು ಬಂದವನ ಕೈಯಲ್ಲಿ ಕಾರಿರಲಿಲ್ಲ, ಕಾರಿದ್ದವನಿಗೆ ಓದುವ ಮನಸ್ಸಿರಲಿಲ್ಲ. ನನಗೆ ತಿಳಿದದ್ದು ಇಷ್ಟೇ.

ತಪ್ಪಿಲ್ಲದೆ ಕೆಲಸದಿಂದ ತೆಗೆದರೆಂದು ಯಮನಪ್ಪ ಚಾಲಕರ ಸಂಘಕ್ಕೆ ದೂರು ಕೊಟ್ಟಿದ್ದಾನೆ. ತಪ್ಪು ಅವನದೆಂದು ಗ್ಯಾರೇಜು ಬರೆದುಕೊಟ್ಟರೆ ಮುಗಿಯಿತು, ಊರಲ್ಲಿ ಯಾರೂ ಅವನ ಕೈಗೆ ಚಾವಿ ಕೊಡುವುದಿಲ್ಲ. ಮಹಾರುದ್ರಪ್ಪ ಬೆಳಿಗ್ಗೆಯೇ ಕಾಗದ ಹಿಡಿದು ಬಂದರು.

"ಡ್ರೈವರ್ ಹುಚ್ಚುಚ್ಚಾರ ಓಡಿಸಿ ಕೆಡಿಸ್ಯಾನ ಅಂತ ಬರಿ, ನಾರಾಯಣಸಾ. ಸಹಿ ಮಾಡು."

ನಾರಾಯಣಸಾ ಒಡೆದ ಪಿಸ್ಟನ್ನನ್ನು ಅವರ ಮುಂದಿಟ್ಟರು. "ಇದನ್ನ ನೋಡ್ರಿ ಮೊದಲ. ಇದು ಒಂದು ದಿನದ್ದಲ್ಲ."

"ನೋಡಾಕ ಬಂದಿಲ್ಲ ನಾ. ನನ್ನ ಆರು ಲಾರಿ ನಿನ್ನ ಬಾಗಲಿಗೇ ಬರ್ತಾವು, ನೆನಪಿರಲಿ."

"ನೆನಪೈತ್ರಿ." ನಾರಾಯಣಸಾ ಕೈಯ ಎಣ್ಣೆ ಒರೆಸಿಕೊಂಡು, ಖಾಲಿ ಕಾಗದವನ್ನು ಹಿಂದಕ್ಕೆ ಸರಿಸಿದರು. "ಬರಿಯಂಗಿಲ್ರಿ."